ನೀಟ್ ಅಂಕ ಸೀಟಾಗುವುದು ಹೇಗೆ? ಉತ್ತರ ಕನ್ನಡದ ಪಾಲಕರಿಗೊಂದು ಮಾರ್ಗದರ್ಶಿ

ಜೂನ್ ಬಂತೆಂದರೆ ಶಿರಸಿ ಪೇಟೆಯಲ್ಲಿ ಅಡಿಕೆ ದರಕ್ಕಿಂತ ಹೆಚ್ಚು ಚರ್ಚೆಯಾಗುವುದು ನೀಟ್, ಅಂದರೆ ವೈದ್ಯಕೀಯ ಪ್ರವೇಶ ಪರೀಕ್ಷೆಯ ಅಂಕ. ‘ಮಗಳಿಗೆ 480 ಬಂದಿದೆ, ಕಾರವಾರದಲ್ಲಿ ಸೀಟು ಸಿಗಬಹುದೇ?’ ಎಂದು ಕೇಳಿಕೊಂಡು ಪ್ರತಿ ವರ್ಷ ಪಾಲಕರು ಬರುತ್ತಾರೆ. ಊರು ಬದಲಾಗುತ್ತದೆ, ಅಂಕ ಬದಲಾಗುತ್ತದೆ, ಪ್ರಶ್ನೆ ಮಾತ್ರ ಅದೇ. ಬರೀ ಅಂಕ ಹೇಳಿದರೆ ಇದಕ್ಕೆ ಯಾರೂ ಉತ್ತರ ಕೊಡಲಾರರು. ಕೊಟ್ಟರೆ ಅದು ಊಹೆ. ಆ ಅಂಕಕ್ಕೆ ಆ ವರ್ಷ ಯಾವ ರ‍್ಯಾಂಕ್ ಬಂತು, ಆ ರ‍್ಯಾಂಕ್ ಹಿಡಿದುಕೊಂಡು ನೀವು ಯಾವ ಯಾವ ಸಾಲಿನಲ್ಲಿ ನಿಲ್ಲಬಲ್ಲಿರಿ, ಆ ಸಾಲಿಗೆ ಬೇಕಾದ ಕಾಗದ ನಿಮ್ಮ ಕೈಯಲ್ಲಿದೆಯೇ ಎಂಬ ಮೂರು ಸಂಗತಿ ಗೊತ್ತಾದರೆ ಉತ್ತರ ತಾನಾಗಿ ಹೊರಡುತ್ತದೆ. ಅಂಕ ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನವೇ ನಿರ್ಧಾರವಾಗಿ ಹೋಗಿರುತ್ತದೆ. ಆಮೇಲೂ ನಿಮ್ಮ ಕೈಯಲ್ಲಿ ಉಳಿಯುವುದು ಸಾಲು ಮತ್ತು ಕಾಗದ. ಹೆಚ್ಚಿನ ಮನೆಗಳಲ್ಲಿ ಸೀಟು ತಪ್ಪುವುದೂ ಅಲ್ಲಿಯೇ.

ಓದಲು ಕೂರುವ ಮುನ್ನ ಇವಿಷ್ಟನ್ನು ಪಕ್ಕದಲ್ಲಿಟ್ಟುಕೊಳ್ಳಿ: ನೀಟ್ ಅಂಕಪಟ್ಟಿ, ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯು ಅಂಕಪಟ್ಟಿಗಳು, ಒಂದರಿಂದ ಹತ್ತನೇ ತರಗತಿಯವರೆಗೆ ಓದಿದ ಶಾಲೆಗಳ ಹೆಸರು ಮತ್ತು ಊರು, ಜಾತಿ ಮತ್ತು ಆದಾಯ ಪ್ರಮಾಣಪತ್ರ.

1. ಅಂಕಪಟ್ಟಿಯಲ್ಲಿ ಏನಿದೆ ಎಂದು ಓದಿ

ನೀಟ್ ಪರೀಕ್ಷೆಗೆ 720 ಅಂಕ. 180 ಪ್ರಶ್ನೆಗಳಲ್ಲಿ 90 ಜೀವಶಾಸ್ತ್ರದವು, ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದವು ತಲಾ 45. ಸರಿ ಉತ್ತರಕ್ಕೆ ನಾಲ್ಕು ಅಂಕ ಸೇರುತ್ತದೆ, ತಪ್ಪಿಗೆ ಒಂದು ಅಂಕ ಕಳೆಯುತ್ತದೆ, ಬಿಟ್ಟ ಪ್ರಶ್ನೆಗೆ ಸೇರುವುದೂ ಇಲ್ಲ, ಕಳೆಯುವುದೂ ಇಲ್ಲ. 120 ಸರಿ, 40 ತಪ್ಪು ಮಾಡಿದವರಿಗೆ 480ರಲ್ಲಿ 40 ಕಳೆದು 440 ಸಿಗುತ್ತದೆ.

ಅಂಕಪಟ್ಟಿಯಲ್ಲಿ ಪರ್ಸೆಂಟೈಲ್ ಎಂಬ ಇನ್ನೊಂದು ಸಂಖ್ಯೆ ಇರುತ್ತದೆ. ಇದನ್ನು ಶೇಕಡಾ ಎಂದು ಓದಿಕೊಂಡು ಸಂಭ್ರಮಿಸಿದವರನ್ನು ಕಂಡಿದ್ದೇನೆ. ಪರೀಕ್ಷೆ ಬರೆದವರಲ್ಲಿ ನೂರಕ್ಕೆ ಎಷ್ಟು ಮಂದಿ ನಿಮಗಿಂತ ಹಿಂದಿದ್ದಾರೆ ಎಂಬುದು ಪರ್ಸೆಂಟೈಲ್. 90 ಪರ್ಸೆಂಟೈಲ್ ಎಂದರೆ ನೂರರಲ್ಲಿ 90 ಅಂಕ ಬಂದಂತಲ್ಲ, ನಿಮ್ಮ ಮುಂದೆ ಇನ್ನೂ ನೂರಕ್ಕೆ ಹತ್ತು ಮಂದಿ ನಿಂತಿದ್ದಾರೆ ಎಂದು. 2025ರಲ್ಲಿ ಪರೀಕ್ಷೆ ಬರೆದವರು ಸುಮಾರು 22 ಲಕ್ಷ. ಅದರ ನೂರಕ್ಕೆ ಹತ್ತು ಎಂದರೆ ಎರಡು ಲಕ್ಷ ದಾಟುತ್ತದೆ.

‘ಅರ್ಹತೆ ಪಡೆದಿದ್ದಾರೆ’ ಎಂಬ ಸಾಲೂ ಹೀಗೆಯೇ ಮೋಸ ಮಾಡುತ್ತದೆ. ಸಾಮಾನ್ಯ ವರ್ಗಕ್ಕೆ 50ನೇ ಪರ್ಸೆಂಟೈಲ್, ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗಗಳಿಗೆ 40ನೇ ಪರ್ಸೆಂಟೈಲ್ ದಾಟಿದರೆ ಅರ್ಹತೆ. 2025ರಲ್ಲಿ ಸಾಮಾನ್ಯ ವರ್ಗಕ್ಕೆ ಇದು 144 ಅಂಕಕ್ಕೇ ಮುಗಿದಿತ್ತು. ಆ ವರ್ಷ ಅರ್ಹತೆ ಪಡೆದವರು 12 ಲಕ್ಷಕ್ಕೂ ಹೆಚ್ಚು. ದೇಶದಲ್ಲಿರುವ ಎಂಬಿಬಿಎಸ್ ಸೀಟುಗಳು 1.2 ಲಕ್ಷದ ಆಸುಪಾಸು. ಅರ್ಹತೆ ಎಂಬುದು ಸಾಲಿನಲ್ಲಿ ನಿಲ್ಲಲು ಕೊಟ್ಟ ಚೀಟಿ, ಅಷ್ಟೆ.

2. ಅಂಕ ಮರೆತು ರ‍್ಯಾಂಕ್ ಹಿಡಿಯಿರಿ

‘ಪಕ್ಕದ ಮನೆಯ ಹುಡುಗನಿಗೆ ಹಿಂದಿನ ವರ್ಷ ಇಷ್ಟೇ ಅಂಕಕ್ಕೆ ಸರ್ಕಾರಿ ಸೀಟು ಸಿಕ್ಕಿತ್ತು’ ಎಂಬ ವಾದ ಪ್ರತಿ ಮನೆಯಲ್ಲೂ ಬರುತ್ತದೆ. 2024 ಮತ್ತು 2025ನ್ನು ಪಕ್ಕಪಕ್ಕ ಇಟ್ಟರೆ ಈ ವಾದ ನಿಲ್ಲುವುದಿಲ್ಲ. 2024ರಲ್ಲಿ ಪರಿಷ್ಕೃತ ಫಲಿತಾಂಶದ ನಂತರವೂ 17 ಮಂದಿಗೆ 720ಕ್ಕೆ 720 ಇತ್ತು. ಆ ವರ್ಷ 650 ಅಂಕ ಪಡೆದವರ ರ‍್ಯಾಂಕ್ 30 ಸಾವಿರದ ಹತ್ತಿರ. 2025ರಲ್ಲಿ ಭೌತಶಾಸ್ತ್ರ ಮಕ್ಕಳನ್ನು ಹಣ್ಣುಗಾಯಿ ಮಾಡಿತು. ದೇಶಕ್ಕೇ ಮೊದಲಿಗನಾದವನಿಗೆ 686, ಮತ್ತು 650 ದಾಟಿದವರು ಇಡೀ ದೇಶದಲ್ಲಿ 73 ಮಂದಿ. ಅದೇ 650, ಒಂದು ವರ್ಷ 30 ಸಾವಿರ, ಮರುವರ್ಷ ಮೊದಲ ನೂರರೊಳಗೆ. ಹಾಗಾಗಿ ಹಿಂದಿನ ವರ್ಷದ ಕಟಾಫ್ ನೋಡುವಾಗ, ಅಂದರೆ ಒಂದು ಕಾಲೇಜಿನಲ್ಲಿ ಕೊನೆಯ ಸೀಟು ಪಡೆದವರ ಸ್ಥಾನ ನೋಡುವಾಗ, ಅಂಕದ ಕಾಲಂ ಮುಚ್ಚಿ ರ‍್ಯಾಂಕಿನ ಕಾಲಂ ಮಾತ್ರ ಓದಿ.

ಇಬ್ಬರಿಗೆ ಒಂದೇ ಅಂಕ ಬಂದರೆ ಮೊದಲು ಜೀವಶಾಸ್ತ್ರದ ಅಂಕ ನೋಡುತ್ತಾರೆ, ಅಲ್ಲೂ ಸಮವಾದರೆ ರಸಾಯನಶಾಸ್ತ್ರ, ನಂತರ ಭೌತಶಾಸ್ತ್ರ. ಅದೂ ಸಮವಾದರೆ ಸರಿ ಉತ್ತರಗಳಿಗೆ ಹೋಲಿಸಿದಾಗ ತಪ್ಪು ಉತ್ತರ ಯಾರದು ಕಡಿಮೆಯೋ ಅವರು ಮುಂದೆ.

3. ಪಿಯು ಅಂಕಕ್ಕೆ ಎಷ್ಟು ತೂಕ?

ಎಂಜಿನಿಯರಿಂಗ್ ಸಿಇಟಿಯಲ್ಲಿ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಇದು ಎಲ್ಲರಿಗೂ ಗೊತ್ತು. ಅದೇ ನಿಯಮ ವೈದ್ಯಕೀಯಕ್ಕೂ ಇದೆ ಎಂದು ಅರ್ಧ ಜಿಲ್ಲೆ ನಂಬಿದೆ. ಇಲ್ಲ. ಎಂಬಿಬಿಎಸ್ ರ‍್ಯಾಂಕಿಗೆ ಪಿಯು ಅಂಕ ಒಂದಿಷ್ಟೂ ಸೇರುವುದಿಲ್ಲ. ಅದು ಹೊಸ್ತಿಲು ಮಾತ್ರ: ಭೌತ, ರಸಾಯನ, ಜೀವಶಾಸ್ತ್ರ ಮೂರೂ ಸೇರಿ ಸಾಮಾನ್ಯ ವರ್ಗಕ್ಕೆ ಶೇ 50, ಮೀಸಲು ವರ್ಗಗಳಿಗೆ ಶೇ 40 ಬಂದಿರಬೇಕು, ಇಂಗ್ಲಿಷ್ ಪಾಸಾಗಿರಬೇಕು. ಹೊಸ್ತಿಲು ದಾಟಿದ ಮೇಲೆ ಶೇ 51 ಬಂದವರೂ ಶೇ 99 ಬಂದವರೂ ಒಂದೇ.

ಆದರೂ ಹೊಸ್ತಿಲೆಂದರೆ ಹೊಸ್ತಿಲೇ. ನೀಟ್ ತರಬೇತಿಯ ಗಡಿಬಿಡಿಯಲ್ಲಿ ಕಾಲೇಜಿನ ಕಡೆ ತಲೆ ಹಾಕದೆ, ಮೂರು ವಿಷಯ ಸೇರಿ ಶೇ 48ಕ್ಕೆ ನಿಂತರೆ ಎಂಥ ರ‍್ಯಾಂಕೂ ಕೆಲಸಕ್ಕೆ ಬಾರದು.

ಪಶುವೈದ್ಯಕೀಯದ ಆಸೆ ಇರುವವರು ಇದನ್ನು ತಿರುವುಮುರುವು ಮಾಡಿಕೊಳ್ಳಬೇಕು. ಕರ್ನಾಟಕದ ಪಶುವೈದ್ಯಕೀಯ ಸೀಟುಗಳಿಗೆ ಸಿಇಟಿ ಬರೆಯಬೇಕು, ನೀಟ್ ಬೇಕಾಗುವುದು ಅಖಿಲ ಭಾರತ ಪಾಲಿನ ಶೇ 15 ಸೀಟುಗಳಿಗೆ ಮಾತ್ರ. ದಂತವೈದ್ಯಕೀಯ, ಆಯುರ್ವೇದ, ಹೋಮಿಯೋಪತಿಗೆ ನೀಟ್ ಕಡ್ಡಾಯ.

4. ಎರಡು ಬಾಗಿಲು, ಎರಡು ನೋಂದಣಿ

ಒಂದೇ ರ‍್ಯಾಂಕ್ ಹಿಡಿದು ಎರಡು ಬಾಗಿಲು ತಟ್ಟಬಹುದು. ಎರಡಕ್ಕೂ ಬೇರೆ ಬೇರೆ ಅರ್ಜಿ ಹಾಕಬೇಕು.

ಮೊದಲನೆಯದು ಕೇಂದ್ರದ ಎಂಸಿಸಿ, ಅಂದರೆ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ. ದೇಶದ ಸರ್ಕಾರಿ ಕಾಲೇಜುಗಳ ಶೇ 15 ಸೀಟು (ಇದೇ ಅಖಿಲ ಭಾರತ ಪಾಲು), ಏಮ್ಸ್ ಮತ್ತು ಜಿಪ್‌ಮರ್ ಸೀಟುಗಳು, ಡೀಮ್ಡ್ ವಿಶ್ವವಿದ್ಯಾಲಯಗಳ, ಅಂದರೆ ಸ್ವತಃ ವಿಶ್ವವಿದ್ಯಾಲಯದ ಮಾನ್ಯತೆ ಪಡೆದ ಸಂಸ್ಥೆಗಳ ಎಲ್ಲ ಸೀಟುಗಳು ಇಲ್ಲಿ ಹಂಚಿಕೆಯಾಗುತ್ತವೆ. ಎರಡನೆಯದು ನಮ್ಮ ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ. ರಾಜ್ಯದ ಸರ್ಕಾರಿ ಕಾಲೇಜುಗಳ ಉಳಿದ ಶೇ 85 ಮತ್ತು ಖಾಸಗಿ ಕಾಲೇಜುಗಳ ಸೀಟುಗಳು ಇಲ್ಲಿ. ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಶುಲ್ಕದ ಸೀಟಿಗೆ ‘ಜಿ’, ಖಾಸಗಿ ಶುಲ್ಕದ ಸೀಟಿಗೆ ‘ಪಿ’, ಅನಿವಾಸಿ ಭಾರತೀಯರ ಸೀಟಿಗೆ ‘ಎನ್’ ಎಂಬ ಗುರುತು ಇರುತ್ತದೆ. ಒಂದೇ ಕಾಲೇಜು, ಒಂದೇ ಬೆಂಚು, ಆದರೆ ಜಿ ಮತ್ತು ಪಿ ಶುಲ್ಕದ ನಡುವೆ ಒಂದು ತೋಟ ಮಾರುವಷ್ಟು ಅಂತರ. ಗುರುತು ನೋಡದೆ ಆಯ್ಕೆ ಒತ್ತಬೇಡಿ.

ಮಂಗಳೂರಿನ ಕಾಲೇಜುಗಳಲ್ಲಿ ನಮ್ಮವರು ಯಾವಾಗಲೂ ಎಡವುತ್ತಾರೆ. ಕೆಎಂಸಿ ಮಂಗಳೂರು, ಕೆ.ಎಸ್. ಹೆಗ್ಡೆ ಕಾಲೇಜು ಡೀಮ್ಡ್ ವಿಶ್ವವಿದ್ಯಾಲಯಗಳಿಗೆ ಸೇರಿದವು. ಹಾಗಾಗಿ ಎಂಸಿಸಿ ಬಾಗಿಲು. ಅದೇ ಊರಿನ ಎ.ಜೆ. ಕಾಲೇಜಿಗೆ ಕೆಇಎ ಬಾಗಿಲು. ಮಣಿಪಾಲ ಮತ್ತು ಬೆಳಗಾವಿಯ ಜೆಎನ್‌ಎಂಸಿ ಕೂಡ ಎಂಸಿಸಿಯವೇ. ಕೆಇಎ ಪಟ್ಟಿಯಲ್ಲಿ ಮಣಿಪಾಲ ಹುಡುಕಿ ಸುಸ್ತಾಗಬೇಡಿ.

ಎಂಸಿಸಿಯಲ್ಲಿ ಅಖಿಲ ಭಾರತ ಪಾಲಿಗೆ ನೋಂದಾಯಿಸಲು ಸಾಮಾನ್ಯ ವರ್ಗಕ್ಕೆ ₹1,000 ಶುಲ್ಕ, ಮರಳಿ ಬರುವ ಠೇವಣಿ ₹10,000. ಡೀಮ್ಡ್ ಸೀಟೂ ಬೇಕೆಂದರೆ ಶುಲ್ಕ ₹5,000, ಠೇವಣಿ ₹2 ಲಕ್ಷ. ಡೀಮ್ಡ್ ಕಾಲೇಜಿನ ವಾರ್ಷಿಕ ಶುಲ್ಕ ಕಟ್ಟುವ ಶಕ್ತಿ ಇಲ್ಲದವರು ‘ಇರಲಿ, ನೋಡೋಣ’ ಎಂದು ಈ ಎರಡು ಲಕ್ಷವನ್ನು ಅಲ್ಲಿ ಸಿಕ್ಕಿಸುವುದು ಬೇಡ.

ನೀಟ್‌ಗೆ ಅರ್ಜಿ ಹಾಕಿದ್ದೇವೆ, ಆದ್ದರಿಂದ ಕೆಇಎಗೆ ನಮ್ಮ ಹೆಸರು ತಾನಾಗಿ ಹೋಗಿರುತ್ತದೆ ಎಂದು ಕೂತು ಕೆಟ್ಟವರಿದ್ದಾರೆ. ಹೋಗಿರುವುದಿಲ್ಲ. ಕೆಇಎಯಲ್ಲಿ ಬೇರೆಯಾಗಿ ನೋಂದಾಯಿಸಿ, ದಾಖಲೆ ಪರಿಶೀಲನೆ ಮುಗಿಸಿ, ನೀಟ್ ಸಂಖ್ಯೆ ದಾಖಲಿಸಿದರೆ ಮಾತ್ರ ರಾಜ್ಯದ ಪಟ್ಟಿಯಲ್ಲಿ ಹೆಸರು.

5. ನಿಮ್ಮ ಸಾಲು ಯಾವುದು?

ಇಲ್ಲಿ ನಿಧಾನವಾಗಿ ಓದಿ.

ಮೊದಲು ಒಂದು ಭ್ರಮೆ ಕಳೆಯಬೇಕು. ‘ಕಾರವಾರದ ಕಾಲೇಜಿನಲ್ಲಿ ಜಿಲ್ಲೆಯ ಮಕ್ಕಳಿಗೆ ಮೀಸಲು ಇದೆಯಲ್ಲ?’ ಇಲ್ಲ. 2016ರಲ್ಲಿ ಶುರುವಾದ ಕಾರವಾರ ವೈದ್ಯಕೀಯ ವಿಜ್ಞಾನ ಸಂಸ್ಥೆ ನಮ್ಮದೆಂಬ ಅಭಿಮಾನ ಇರಲಿ, ಆದರೆ ಅದರ ಸೀಟಿಗೆ ಕೋಲಾರದವರೂ ಭಟ್ಕಳದವರೂ ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಸಂವಿಧಾನದ 371ಜೆ ವಿಧಿಯ ಪ್ರಾದೇಶಿಕ ಮೀಸಲು ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಮಾತ್ರ. ನಾವು ಬೆಳಗಾವಿ ವಿಭಾಗದವರು, ಉತ್ತರ ಕನ್ನಡ ಎಂಬ ಹೆಸರಿನಲ್ಲಿ ‘ಉತ್ತರ’ ಇದ್ದರೂ ನಮಗದು ಸಲ್ಲುವುದಿಲ್ಲ.

ಆ ಕಾಲೇಜಿನ 150 ಸೀಟನ್ನೇ ಉದಾಹರಣೆಗೆ ಹಿಡಿದು ಒರಟು ಲೆಕ್ಕ ಹಾಕೋಣ. ಶೇ 15, ಅಂದರೆ 22 ಅಥವಾ 23 ಸೀಟು ಅಖಿಲ ಭಾರತ ಪಾಲಿಗೆ. ಉಳಿಯುವುದು ಸುಮಾರು 127. ರಾಜ್ಯದ ಮೀಸಲು ಹೀಗಿದೆ: ಪರಿಶಿಷ್ಟ ಜಾತಿ ಶೇ 17, ಪರಿಶಿಷ್ಟ ಪಂಗಡ ಶೇ 7, ಹಿಂದುಳಿದ ವರ್ಗಗಳಲ್ಲಿ ಪ್ರವರ್ಗ 1ಕ್ಕೆ ಶೇ 4, 2ಎ ಶೇ 15, 2ಬಿ ಶೇ 4, 3ಎ ಶೇ 4, 3ಬಿ ಶೇ 5. ಒಟ್ಟು ಶೇ 56. ಉಳಿದ ಶೇ 44 ಸಾಮಾನ್ಯ ಅರ್ಹತೆ (ಜಿಎಂ), ಅಂದರೆ ಸುಮಾರು 56 ಸೀಟು. ಅಂಗವಿಕಲರು, ಸೈನಿಕರ ಮಕ್ಕಳು ಮೊದಲಾದವರ ಪಾಲನ್ನು ಈ ಲೆಕ್ಕದಲ್ಲಿ ಬಿಟ್ಟಿದ್ದೇನೆ.

ಈ ಪ್ರತಿಯೊಂದು ವರ್ಗದೊಳಗೂ ಇನ್ನೆರಡು ಕವಲುಗಳಿವೆ: ಗ್ರಾಮೀಣ ಶೇ 15, ಕನ್ನಡ ಮಾಧ್ಯಮ ಶೇ 5. ಮೇಲಿನ 56ರಲ್ಲಿ ಸುಮಾರು ಎಂಟು ಸೀಟು ಗ್ರಾಮೀಣರಿಗೆ, ಎರಡೋ ಮೂರೋ ಕನ್ನಡ ಮಾಧ್ಯಮದವರಿಗೆ. ಕೆಇಎ ಕಟಾಫ್ ಪಟ್ಟಿಯಲ್ಲಿ ಜಿಎಂ, ಜಿಎಂಆರ್, ಜಿಎಂಕೆ ಎಂದೋ, 2ಎಜಿ, 2ಎಆರ್, 2ಎಕೆ ಎಂದೋ ಕಾಣುವುದು ಇದೇ. ಕೊನೆಯ ಅಕ್ಷರ ಆರ್ ಇದ್ದರೆ ಗ್ರಾಮೀಣ, ಕೆ ಇದ್ದರೆ ಕನ್ನಡ ಮಾಧ್ಯಮ. ನಿಮಗೆ ಸಲ್ಲುವ ಎಲ್ಲ ಕಾಲಂಗಳನ್ನೂ ಓದಿ. ಗ್ರಾಮೀಣ ಮೀಸಲು ಸಾಮಾನ್ಯ ವರ್ಗದವರಿಗೂ ಇದೆ ಎಂಬುದು ಎಷ್ಟೋ ಹಳ್ಳಿ ಮನೆಗಳಿಗೆ ಗೊತ್ತೇ ಇಲ್ಲ.

ಗ್ರಾಮೀಣ ಎಂದರೆ ಹಳ್ಳಿಯಲ್ಲಿ ಮನೆ ಇರುವುದಲ್ಲ, ಒಂದರಿಂದ ಹತ್ತನೇ ತರಗತಿಯವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆಯಲ್ಲಿ ಓದಿರುವುದು. ನಮ್ಮ ಕಡೆಯ ರೂಢಿ ನಿಮಗೆ ಗೊತ್ತೇ ಇದೆ: ಏಳನೇ ತರಗತಿಯವರೆಗೆ ಊರ ಶಾಲೆ, ಆಮೇಲೆ ಬಸ್ಸು ಹತ್ತಿ ಪೇಟೆಯ ಹೈಸ್ಕೂಲು. ಶಿರಸಿ, ಕಾರವಾರ, ದಾಂಡೇಲಿ ನಗರಸಭೆಗಳು. ಸಿದ್ದಾಪುರ, ಯಲ್ಲಾಪುರ, ಹೊನ್ನಾವರ ನೋಡಲು ದೊಡ್ಡ ಹಳ್ಳಿಯಂತಿದ್ದರೂ ಪಟ್ಟಣ ಪಂಚಾಯಿತಿಗಳು. ಅವುಗಳ ವ್ಯಾಪ್ತಿಯ ಶಾಲೆಯಲ್ಲಿ ಒಂದು ವರ್ಷ ಓದಿದ್ದರೂ ಗ್ರಾಮೀಣ ಮೀಸಲು ಇಲ್ಲ. ಕನ್ನಡ ಮಾಧ್ಯಮದ್ದೂ ಇದೇ ಕಥೆ: ಹತ್ತೂ ವರ್ಷ ಕನ್ನಡದಲ್ಲೇ ಓದಿರಬೇಕು. ಮಗು ಈಗ ಆರನೆಯದೋ ಏಳನೆಯದೋ ಓದುತ್ತಿದ್ದರೆ, ಶಾಲೆ ಬದಲಿಸುವ ಮುನ್ನ ಇದನ್ನೂ ತಕ್ಕಡಿಗೆ ಹಾಕಿ ನೋಡಿ.

ಇನ್ನು ಕೇಂದ್ರದ ಬಾಗಿಲಿನ ಸಾಲುಗಳು ಬೇರೆ. ಅಲ್ಲಿ 2ಎ, 3ಬಿ ಎಂಬುದಿಲ್ಲ. ಒಬಿಸಿ, ಅಂದರೆ ಇತರ ಹಿಂದುಳಿದ ವರ್ಗಗಳಿಗೆ ಶೇ 27, ಆರ್ಥಿಕವಾಗಿ ದುರ್ಬಲರಾದ ಸಾಮಾನ್ಯ ವರ್ಗಕ್ಕೆ, ಅಂದರೆ ಇಡಬ್ಲ್ಯುಎಸ್‌ಗೆ ಶೇ 10. ರಾಜ್ಯದ ಪ್ರವರ್ಗ 1ಕ್ಕೆ ಕೆನೆಪದರದ, ಅಂದರೆ ಉಳ್ಳವರನ್ನು ಮೀಸಲಿನಿಂದ ಹೊರಗಿಡುವ ಆದಾಯ ಮಿತಿ ಇಲ್ಲ, ಆದರೆ ಕೇಂದ್ರದಲ್ಲಿ ಒಬಿಸಿ ಎಂದು ಕೇಳುವಾಗ ಅದೇ ಕುಟುಂಬಕ್ಕೂ ಕೆನೆಪದರದ ನಿಯಮ ಅನ್ವಯಿಸುತ್ತದೆ. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿ ಇದೆಯೇ ನೋಡಿಕೊಂಡು, ಕೇಂದ್ರದ ನಮೂನೆಯಲ್ಲೇ ಪ್ರಮಾಣಪತ್ರ ಮಾಡಿಸಬೇಕು. ಇಡಬ್ಲ್ಯುಎಸ್‌ಗೆ ಕುಟುಂಬದ ಆದಾಯ ₹8 ಲಕ್ಷಕ್ಕಿಂತ ಕಡಿಮೆ ಇರಬೇಕು, ಕೃಷಿ ಜಮೀನು 5 ಎಕರೆ ಮುಟ್ಟಿರಬಾರದು. ಎರಡು ಮೂರು ಎಕರೆ ಅಡಿಕೆ ತೋಟದ ಎಷ್ಟೋ ಕುಟುಂಬಗಳು ಇದರೊಳಗೆ ಬರುತ್ತವೆ. ಆದರೆ ರಾಜ್ಯದ ಸೀಟುಗಳಲ್ಲಿ ಈ ಶೇ 10 ಜಾರಿಗೆ ಬಂದಿಲ್ಲ, ಇದು ಎಂಸಿಸಿ ಬಾಗಿಲಿನಲ್ಲಿ ಮಾತ್ರ ನಡೆಯುವ ನಾಣ್ಯ.

ಕಾರವಾರದ ಗಡಿಯವರಿಗೆ ಎರಡು ಮಾತು. ಗೋವಾದಲ್ಲಿ ಕೆಲಸ ಮಾಡುತ್ತ ಮಕ್ಕಳನ್ನು ಅಲ್ಲೇ ಓದಿಸಿದ ಕುಟುಂಬಗಳು ಬಹಳ. ಕರ್ನಾಟಕದ ಸೀಟಿಗೆ ಸಾಮಾನ್ಯ ನಿಯಮವೆಂದರೆ, ಒಂದರಿಂದ ಹನ್ನೆರಡನೇ ತರಗತಿಯೊಳಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು, ಎಸ್ಸೆಸ್ಸೆಲ್ಸಿ ಅಥವಾ ಪಿಯು ಎರಡರಲ್ಲಿ ಒಂದನ್ನು ಇಲ್ಲಿಯೇ ಪಾಸು ಮಾಡಿರಬೇಕು. ಪಾಲಕರ ಊರು, ನೌಕರಿಯ ಆಧಾರದ ಮೇಲೆ ಬೇರೆ ಕಲಮುಗಳೂ ಇವೆ, ಕೆಇಎ ಕೈಪಿಡಿಯಲ್ಲಿ ಓದಿಕೊಳ್ಳಿ. ಬಾಂಬೋಳಿಯ ಗೋವಾ ವೈದ್ಯಕೀಯ ಕಾಲೇಜು ಕಾರವಾರಕ್ಕೆ ಹುಬ್ಬಳ್ಳಿಗಿಂತ ಹತ್ತಿರ ಹೌದು, ಆದರೆ ಕರ್ನಾಟಕದ ವಿದ್ಯಾರ್ಥಿಗೆ ಅಲ್ಲಿ ದಾರಿ ಅಖಿಲ ಭಾರತ ಪಾಲಿನದೇ.

6. ಕಾಗದ ಜೋಡಿಸುವುದು

ಫಲಿತಾಂಶದ ನಂತರವಲ್ಲ, ಅರ್ಜಿ ಹಾಕುವ ಮುನ್ನ. ಅರ್ಜಿಯಲ್ಲಿ ಕೇಳದ ಮೀಸಲನ್ನು ಆಮೇಲೆ ಸೇರಿಸುವುದು ಕಷ್ಟ.

ಪರಿಶಿಷ್ಟರಿಗೆ ನಮೂನೆ ಡಿ, ಪ್ರವರ್ಗ 1ಕ್ಕೆ ನಮೂನೆ ಇ, 2ಎ, 2ಬಿ, 3ಎ, 3ಬಿಗೆ ನಮೂನೆ ಎಫ್. ಇವನ್ನು ನಾಡಕಚೇರಿಯಲ್ಲಿ ಮಾಡಿಸಬೇಕು. ಅದರ ಮೇಲಿನ ಆರ್‌ಡಿ ಸಂಖ್ಯೆಯನ್ನು ಅರ್ಜಿಯಲ್ಲಿ ತುಂಬಿದಾಗ ಕಂಪ್ಯೂಟರ್ ಹೆಸರು ಹೋಲಿಸಿ ನೋಡುತ್ತದೆ. ಎಸ್ಸೆಸ್ಸೆಲ್ಸಿಯಲ್ಲಿ ‘ಹೆಗಡೆ’, ಜಾತಿ ಪತ್ರದಲ್ಲಿ ‘ಹೆಗ್ಡೆ’, ಆಧಾರ್‌ನಲ್ಲಿ ಬರೀ ಇನಿಶಿಯಲ್ ಇದ್ದರೆ ಅಲ್ಲೇ ಬಂಡಿ ನಿಂತಿತು. ನಮ್ಮ ಜಿಲ್ಲೆಯ ಅಡ್ಡಹೆಸರುಗಳು ಇಂಗ್ಲಿಷಿನಲ್ಲಿ ಹತ್ತು ವೇಷ ಹಾಕುತ್ತವೆ. ಎಲ್ಲವನ್ನೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಂತೆ ಸರಿಪಡಿಸಿಕೊಳ್ಳಿ.

ಸಾಮಾನ್ಯ ವರ್ಗದವರು ಗ್ರಾಮೀಣ ಮೀಸಲು ಕೇಳುವುದಾದರೆ ವ್ಯಾಸಂಗದ ನಮೂನೆ 2ರ ಜೊತೆ, ಕೆನೆಪದರಕ್ಕೆ ಸೇರಿಲ್ಲ ಎಂಬ ನಮೂನೆ 1 ಕೂಡ ಬೇಕು. ಈ ನಮೂನೆ 1ನ್ನು ಬಿಟ್ಟು ಹೋಗುವವರೇ ಹೆಚ್ಚು. ಏಳು ವರ್ಷದ ವ್ಯಾಸಂಗ, ಗ್ರಾಮೀಣ, ಕನ್ನಡ ಮಾಧ್ಯಮದ ಪ್ರಮಾಣಪತ್ರಗಳಿಗೆ ಮುಖ್ಯೋಪಾಧ್ಯಾಯರ ಸಹಿ ಸಾಲದು, ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಇರಬೇಕು. ನಾಲ್ಕನೆಯವರೆಗೆ ಸಿದ್ದಾಪುರ ತಾಲ್ಲೂಕು, ಆಮೇಲೆ ಕುಮಟಾ ತಾಲ್ಲೂಕು ಎಂದಾದರೆ ಎರಡೂ ಕಚೇರಿ ಹತ್ತಬೇಕು. ಈ ಓಡಾಟಕ್ಕೆ ಎರಡು ವಾರ ಇಟ್ಟುಕೊಳ್ಳಿ, ಬೇಸಿಗೆ ರಜೆಗೆ ಮುಂಚೆಯೇ ಮುಗಿಸಿ. ರಜೆಯಲ್ಲಿ ಮುಖ್ಯೋಪಾಧ್ಯಾಯರನ್ನು ಹುಡುಕುವುದು ಅಪ್ಪೆಮಿಡಿ ಹುಡುಕಿದಂತೆ.

7. ಆಪ್ಷನ್ ಎಂಟ್ರಿ

ಯಾವ ಕಾಲೇಜು ಮೊದಲು ಬೇಕು, ಯಾವುದು ಆಮೇಲೆ ಎಂದು ಪಟ್ಟಿ ಮಾಡಿ ತುಂಬುವುದೇ ಆಪ್ಷನ್ ಎಂಟ್ರಿ. ಕಂಪ್ಯೂಟರ್ ರ‍್ಯಾಂಕ್ ಪ್ರಕಾರ ಒಬ್ಬೊಬ್ಬರ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುತ್ತದೆ, ಖಾಲಿ ಇರುವ ಮೊದಲ ಸೀಟು ಕೊಟ್ಟು ನಿಲ್ಲುತ್ತದೆ. ಆದ್ದರಿಂದ ಪಟ್ಟಿ ನಿಮ್ಮ ಆಸೆಯ ಕ್ರಮದಲ್ಲಿರಲಿ, ಸಿಗುವ ಸಾಧ್ಯತೆಯ ಕ್ರಮದಲ್ಲಿ ಅಲ್ಲ. ‘ಬೆಂಗಳೂರು ಮೆಡಿಕಲ್ ಕಾಲೇಜನ್ನು ಮೊದಲು ಹಾಕಿದರೆ ಕಾರವಾರ ತಪ್ಪಿಹೋಗಬಹುದು’ ಎಂಬ ಹೆದರಿಕೆಗೆ ಆಧಾರವಿಲ್ಲ. ಮೇಲಿನದು ಸಿಗದಿದ್ದರೆ ಕಂಪ್ಯೂಟರ್ ಕೆಳಗಿನದಕ್ಕೆ ಇಳಿಯುತ್ತದೆ, ನಿಮ್ಮ ಸರದಿ ಹಿಂದೆ ಹೋಗುವುದಿಲ್ಲ. ಅಪಾಯ ಇರುವುದು ಉಲ್ಟಾ ಕಡೆ: ಕೈಗೆಟುಕದ ಶುಲ್ಕದ ಪಿ ಸೀಟನ್ನು ಸರ್ಕಾರಿ ಸೀಟಿನ ಮೇಲೆ ಹಾಕಿಬಿಟ್ಟರೆ ಮೊದಲು ಅದೇ ಸಿಗುತ್ತದೆ.

ಶಿವಮೊಗ್ಗ, ಹುಬ್ಬಳ್ಳಿ, ಹಾವೇರಿ, ಗದಗ, ಬೆಳಗಾವಿಯ ಸರ್ಕಾರಿ ಕಾಲೇಜುಗಳೂ ಘಟ್ಟದ ಮೇಲಿನವರಿಗೆ ಕಾರವಾರದಷ್ಟೇ ಹತ್ತಿರ. ಹೋಗಲು ಮನಸ್ಸಿರುವ ಸರ್ಕಾರಿ ಕಾಲೇಜುಗಳನ್ನೆಲ್ಲ ತುಂಬಿ. ಐದಾರು ಆಯ್ಕೆಗೆ ನಿಲ್ಲಿಸಿದವರ ಸೀಟು ಏಳನೆಯದರಲ್ಲಿ ಕೂತಿರುತ್ತದೆ.

ಅಂತಿಮ ಹಂಚಿಕೆಗೆ ಮುನ್ನ ಬರುವ ಅಣಕು ಹಂಚಿಕೆ ಸೀಟಲ್ಲ, ಸೂಚನೆ. ಅದನ್ನು ನೋಡಿ ಕ್ರಮ ತಿದ್ದಲು ಅವಕಾಶ ಇರುತ್ತದೆ. ಕೊನೆಯ ದಿನದವರೆಗೆ ಕಾಯಬೇಡಿ. ಇದೆಲ್ಲ ನಡೆಯುವುದು ಮಳೆಗಾಲದ ನಡುವೆ. ಒಂದು ಗಾಳಿಗೆ ಕರೆಂಟು ಹೋದರೆ ಮೂರು ದಿನ, ಅದರ ಹಿಂದೆಯೇ ಮೊಬೈಲ್ ಟವರ್. ಒಟಿಪಿ ಬರುವ ಸಂಖ್ಯೆ ಸಿಗ್ನಲ್ ಸಿಗುವ ಫೋನಿನಲ್ಲಿರಲಿ, ಸೈಬರ್ ಸೆಂಟರಿನವರ ಸಂಖ್ಯೆ ಕೊಡಲೇಬೇಡಿ, ಪಾಸ್‌ವರ್ಡನ್ನೂ ಅವರ ಬಳಿ ಬಿಟ್ಟು ಬರಬೇಡಿ.

8. ಸೀಟು ಬಂದ ಮೇಲೆ

ಕೆಇಎ ಮೊದಲ ಸುತ್ತಿನ ನಂತರ ಚಾಯ್ಸ್ ಕೇಳುತ್ತದೆ. ಚಾಯ್ಸ್ 1: ಒಪ್ಪಿದೆ, ಶುಲ್ಕ ಕಟ್ಟಿ ಸೇರುತ್ತೇನೆ. ಚಾಯ್ಸ್ 2: ಈ ಸೀಟು ಕೈಯಲ್ಲಿರಲಿ, ಇನ್ನೂ ಒಳ್ಳೆಯದಕ್ಕೆ ಮುಂದಿನ ಸುತ್ತಿನಲ್ಲಿ ನೋಡುತ್ತೇನೆ. ಚಾಯ್ಸ್ 3: ಇದು ಬೇಡ, ಮುಂದಿನ ಸುತ್ತಿಗೆ ಬರುತ್ತೇನೆ. ಚಾಯ್ಸ್ 2 ಒತ್ತಿದವರು ಮರೆಯುವ ಸಂಗತಿ ಒಂದಿದೆ. ಮೇಲಿನ ಆಯ್ಕೆ ಸಿಕ್ಕಿದ ಕ್ಷಣ ಹಳೆಯ ಸೀಟು ತಾನಾಗಿ ರದ್ದಾಗುತ್ತದೆ, ಮತ್ತೆ ಕೇಳಿದರೂ ಬರುವುದಿಲ್ಲ. ಹಾಗಾಗಿ ಎರಡನೇ ಸುತ್ತಿಗೆ ಮುನ್ನ, ನಿಜವಾಗಿ ಬೇಡದ ಕಾಲೇಜುಗಳನ್ನು ಪಟ್ಟಿಯಿಂದ ಅಳಿಸಿ. ಚಾಯ್ಸ್ 3 ಧೈರ್ಯವಂತರಿಗೆ. ನನ್ನನ್ನು ಕೇಳಿದರೆ, ಸರ್ಕಾರಿ ಸೀಟು ಕೈಯಲ್ಲಿದ್ದಾಗ ಅದನ್ನು ಒತ್ತಬೇಡಿ ಎನ್ನುತ್ತೇನೆ.

ಎಂಸಿಸಿಯಲ್ಲಿ ಮೊದಲ ಸುತ್ತಿನ ಸೀಟು ಬಿಟ್ಟರೆ ನಷ್ಟವಿಲ್ಲ. ಎರಡನೇ ಸುತ್ತಿನಲ್ಲಿ ಬಂದ ಸೀಟಿಗೆ ಸೇರದಿದ್ದರೆ ಠೇವಣಿ ಹೋಗುತ್ತದೆ. ಎರಡೂ ಬಾಗಿಲಲ್ಲಿ ಒಂದೊಂದು ಸೀಟು ಹಿಡಿದುಕೊಂಡು ಕೂರಲು ಬರುವುದಿಲ್ಲ. ಸುತ್ತಿನ ನಿಯಮಗಳು ವರ್ಷದಿಂದ ವರ್ಷಕ್ಕೆ ಅಷ್ಟಿಷ್ಟು ಬದಲಾಗುವುದರಿಂದ, ಗುಂಡಿ ಒತ್ತುವ ದಿನ ಆ ವರ್ಷದ ಪ್ರಕಟಣೆಯನ್ನು ಒಮ್ಮೆ ಓದಿ. ವಾಟ್ಸ್‌ಆ್ಯಪ್‌ನಲ್ಲಿ ತೇಲಿ ಬಂದದ್ದು ಬೇಡ, ಜಾಲತಾಣದಲ್ಲಿ ಇರುವುದನ್ನು.

ಇದೇ ಹೊತ್ತಿಗೆ ಫೋನುಗಳು ಶುರುವಾಗುತ್ತವೆ. ‘ನಿಮ್ಮ ಮಗನ ರ‍್ಯಾಂಕ್ ನೋಡಿದೆವು, ಸೀಟು ಮಾಡಿಸಿಕೊಡುತ್ತೇವೆ, ಮುಂಗಡ ಕಳಿಸಿ.’ ಎಂಸಿಸಿ ಅಥವಾ ಕೆಇಎ ಹಂಚಿಕೆಯ ಹೊರಗೆ ಕರ್ನಾಟಕದಲ್ಲಿ ಎಂಬಿಬಿಎಸ್ ಸೀಟು ಇಲ್ಲ. ಫೋನ್ ಇಟ್ಟುಬಿಡಿ.

ಸೇರುವಾಗ ಮೂಲ ದಾಖಲೆಗಳನ್ನು ಒಪ್ಪಿಸಬೇಕಾಗುತ್ತದೆ. ಹೋಗುವ ಮುನ್ನ ಪ್ರತಿಯೊಂದನ್ನೂ ಸ್ಕ್ಯಾನ್ ಮಾಡಿಸಿ, ನಾಲ್ಕು ನಾಲ್ಕು ಜೆರಾಕ್ಸ್ ಮನೆಯಲ್ಲಿಡಿ. ಕಾಲೇಜಿಗೆ ಹಾಜರಾಗಲು ಕೊಡುವುದು ಕೆಲವೇ ದಿನ, ಘಟ್ಟ ಕುಸಿಯಿತು ಎಂದರೆ ಅವಧಿ ತಾನಾಗಿ ಮುಂದೆ ಹೋಗುವುದಿಲ್ಲ. 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿ 66 ಬಂದ್ ಆಗಿದ್ದು ನೆನಪಿದೆಯಲ್ಲ. ಶಿರಸಿಯಿಂದ ದೇವಿಮನೆ ಘಟ್ಟ ಇಳಿಯುವವರು, ಯಲ್ಲಾಪುರದಿಂದ ಅರಬೈಲು ಇಳಿಯುವವರು ಒಂದು ದಿನ ಮೊದಲೇ ಹೊರಟು ಕಾರವಾರದಲ್ಲಿ ಉಳಿದುಕೊಳ್ಳಿ. ಕಡತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡೇ ಬಸ್ಸು ಹತ್ತಿ.